ಗೆದ್ದಲಿಗೆ ಯಾವ ಮದ್ದು? ಮೊದಲು ಮರ ನಿಲ್ಲುವ ಜಾಗ ನೋಡಿ

ಗೆದ್ದಲು ನಿರೋಧಕ ರಾಸಾಯನಿಕವನ್ನು ಕೊಳ್ಳುವ ಮುನ್ನ, ಮರ ಸೂರಿನ ಕೆಳಗಿರುತ್ತದೆಯೇ, ಮಳೆಗೆ ನೆನೆಯುತ್ತದೆಯೇ, ಅದರ ಬುಡ ಮಣ್ಣಿನಲ್ಲಿ ಹೂತಿರುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮುಂದಿನ ಆಯ್ಕೆಯೆಲ್ಲ ಇದನ್ನೇ ಅವಲಂಬಿಸಿದೆ.

ಒಳಾಂಗಣದ ತೊಲೆ, ಜಂತೆ, ಬಾಗಿಲ ಚೌಕಟ್ಟುಗಳಿಗೆ ಬೋರೇಟ್ (ಬೋರಾನ್ ಲವಣ) ದ್ರಾವಣ ಸೂಕ್ತ. ಇದಕ್ಕೆ ವಾಸನೆಯಿಲ್ಲ, ಮರದ ಬಣ್ಣವೂ ಕೆಡುವುದಿಲ್ಲ. ತೇವದ ಮೂಲಕ ಒಳಗೆ ಹರಡುವ ಗುಣವಿರುವುದರಿಂದ, ತುಸು ಹಸಿಯಿರುವ ಮರಕ್ಕೆ ಹಚ್ಚಿದರೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ಆದರೆ ನಾರಿಗೆ ಕಚ್ಚಿಕೊಳ್ಳದ ಕಾರಣ, ಮಳೆಗೆ ತೆರೆದಿಟ್ಟ ಮರದಿಂದ ಅದು ಕ್ರಮೇಣ ತೊಳೆದುಹೋಗುತ್ತದೆ. ಬೇಲಿಯ ಕಂಬಕ್ಕೆ ಬೋರೇಟ್ ಹಚ್ಚುವುದು ವ್ಯರ್ಥವೆಂದೇ ಹೇಳಬೇಕು.

ಹೊರಗಿನ ಮರಕ್ಕೆ ತಾಮ್ರ ಆಧಾರಿತ ಲವಣಗಳು ಬೇಕು. ಸೊಂಟಿ ಕಾಮೇಶಂ ಅವರು 1933ರಲ್ಲಿ ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣವು (ಸಿಸಿಎ) ಮರದಲ್ಲಿ ಭದ್ರವಾಗಿ ಕುಳಿತು ದಶಕಗಳ ಕಾಲ ಬಾಳಿಕೆ ಬರುತ್ತದೆ. ಆರ್ಸೆನಿಕ್‌ನ ಭಯದಿಂದ 2003ರ ಅಂತ್ಯಕ್ಕೆ ಅಮೆರಿಕದ ತಯಾರಕರು ವಾಸದ ಮನೆಗಳ ಹೆಚ್ಚಿನ ಬಳಕೆಗಳಿಗೆ ಇದನ್ನು ಕೈಬಿಟ್ಟರು. ಅದರ ಜಾಗಕ್ಕೆ ಬಂದ ಎಸಿಕ್ಯೂ, ಕಾಪರ್ ಅಜೋಲ್ ಎಂಬ ತಾಮ್ರದ ಮದ್ದುಗಳಲ್ಲಿ ಆರ್ಸೆನಿಕ್ ಇಲ್ಲ; ತಾಮ್ರದ ಪ್ರಮಾಣ ಹೆಚ್ಚಿರುವುದರಿಂದ ಸಾಧಾರಣ ಕಬ್ಬಿಣದ ಮೊಳೆಗಳು ಬೇಗ ತುಕ್ಕು ಹಿಡಿಯುತ್ತವೆ. ಆದ್ದರಿಂದ ದಪ್ಪ ಸತುವಿನ ಲೇಪವಿರುವ ಅಥವಾ ಸ್ಟೇನ್‌ಲೆಸ್ ಸ್ಟೀಲ್‌ನ ಮೊಳೆ, ಸ್ಕ್ರೂಗಳನ್ನೇ ಬಳಸಬೇಕು. ಕಲ್ಲಿದ್ದಲ ಡಾಂಬರಿನಿಂದ ತೆಗೆಯುವ ಕ್ರಿಯೋಸೋಟ್ ರೈಲು ಹಳಿಯ ಸ್ಲೀಪರ್‌ಗಳಿಗೆ ಸರಿ, ಮನೆಯೊಳಗೆ ಬೇಡ.

ಇನ್ನು ಪರ್ಮೆಥ್ರಿನ್‌ನಂಥ ಕೀಟನಾಶಕವನ್ನು ಬ್ರಷ್‌ನಲ್ಲಿ ಬಳಿದರೆ ಮೇಲ್ಪದರಕ್ಕಷ್ಟೇ ರಕ್ಷಣೆ ಸಿಗುತ್ತದೆ.

ಹೊರಗಿನ ಮರಕ್ಕೆ ತಾಮ್ರದ ಮದ್ದನ್ನು ಆಳಕ್ಕೆ ಇಳಿಸಲು ಕಾರ್ಖಾನೆಯ ಒತ್ತಡ ವಿಧಾನವೇ ಬೇಕು. ಮುಚ್ಚಿದ ಉರುಳೆಯಲ್ಲಿ ಮರದೊಳಗಿನ ಗಾಳಿಯನ್ನು ಹೀರಿ ತೆಗೆದು, ಬಳಿಕ ದ್ರಾವಣವನ್ನು ಒತ್ತಡದಿಂದ ತುಂಬಲಾಗುತ್ತದೆ. ಇದಕ್ಕೆ ಮೊದಲೇ ತೊಗಟೆ ಸುಲಿದು, ಮರವನ್ನು ಚೆನ್ನಾಗಿ ಒಣಗಿಸಿ, ಕೊಯ್ಯುವ, ತೂತು ಕೊರೆಯುವ ಕೆಲಸವನ್ನೆಲ್ಲ ಮುಗಿಸಿರಬೇಕು. ಹೀಗೆ ಸಿದ್ಧವಾದ ಕಂಬವನ್ನು ಅಡ್ಡ ಕೊಯ್ದು ನೋಡಿದರೆ ಕಾರಣ ತಿಳಿಯುತ್ತದೆ: ಅಂಚಿನಲ್ಲಿ ಹಸಿರು ಬಳೆಯಂತೆ ಮದ್ದು ಹಿಡಿದಿರುತ್ತದೆ, ನಡುವಿನ ಚೇಗಿಗೆ ಹೆಚ್ಚಾಗಿ ಅದು ತಾಗಿಯೇ ಇರುವುದಿಲ್ಲ. ಗೆದ್ದಲು ನುಗ್ಗುವುದು ಇಂಥ ಕೊಯ್ದ ತುದಿಯಿಂದಲೇ. ಅನಿವಾರ್ಯವಾಗಿ ಕೊಯ್ದರೆ ಆ ತುದಿಗೆ ತಾಮ್ರದ ನ್ಯಾಫ್ತನೇಟ್ ದ್ರಾವಣವನ್ನು ಅದು ಹೀರುವಷ್ಟೂ ಹಚ್ಚಬೇಕು, ಕೊಯ್ಯದ ತುದಿಯನ್ನೇ ಮಣ್ಣಿಗೆ ಇಳಿಸಬೇಕು.

ಕೆಲಸದ ಉದ್ದಕ್ಕೂ ಕೈಗವಸು, ಮುಖಗವಸು ಇರಲಿ. ಉಳಿದ ತುಂಡುಗಳನ್ನು ಎಂದಿಗೂ ಒಲೆಗೆ ಹಾಕಬಾರದು. ಸಿಸಿಎ ಹೀರಿದ ಮರ ಉರಿದಾಗ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಸೇರಿರುತ್ತದೆ.