ಟೀವಿ ಕೊಳ್ಳುವ ಮೊದಲು ಅದರ ಕಪ್ಪು ನೋಡಿ

ಟೀವಿ ಕೊಳ್ಳಲು ಹೋದವರ ತಲೆ ಕೆಡಿಸುವುದು ಬೆಲೆಗಿಂತ ಜಾಸ್ತಿ ಹೆಸರುಗಳೇ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಒಎಲ್‌ಇಡಿ. ಎಲ್ಲದರ ಬಾಲವೂ ಒಂದೇ, ಆದರೆ ಒಳಗಿರುವುದು ಎರಡೇ ಜಾತಿ. ಒಂದರಲ್ಲಿ ಹಿಂದೆ ದೀಪ ಉರಿಯುತ್ತದೆ, ಮುಂದಿನ ಪರದೆ ಆ ಬೆಳಕನ್ನು ಎಲ್ಲಿ ಬಿಡಬೇಕು ಎಲ್ಲಿ ತಡೆಯಬೇಕು ಎಂದು ನೋಡಿಕೊಂಡು ಚಿತ್ರ ಮೂಡಿಸುತ್ತದೆ. ಇನ್ನೊಂದರಲ್ಲಿ ಹಿಂದೆ ದೀಪವೇ ಇಲ್ಲ, ಪ್ರತಿ ಚುಕ್ಕಿಯೂ ತಾನೇ ಉರಿದು ತಾನೇ ಆರುತ್ತದೆ. ಒಎಲ್‌ಇಡಿ ಮಾತ್ರ ಈ ಎರಡನೇ ಜಾತಿ. ಉಳಿದ ಮೂರೂ ಮೊದಲನೇ ಜಾತಿ, ಅಂದರೆ ಹಳೇ ಎಲ್‌ಸಿಡಿಯ ಮಕ್ಕಳೇ. (ಪ್ಲಾಸ್ಮಾ ಎಂಬ ಹಳೇ ಬಗೆಯ ಟೀವಿ ಬಗ್ಗೆ ಈಗಲೂ ಕೇಳುವವರಿದ್ದಾರೆ. ಪ್ಯಾನಸೋನಿಕ್, ಸ್ಯಾಮ್ಸಂಗ್, ಎಲ್‌ಜಿ ಮೂರೂ 2014 ಮುಗಿಯುವುದರೊಳಗೆ ಅದನ್ನು ತಯಾರಿಸುವುದು ನಿಲ್ಲಿಸಿದವು.)

ಹೆಸರು ನೋಡುವ ಮೊದಲು ನಿಮ್ಮ ಕೋಣೆ ನೋಡಿ. ನೀವು ದಿನಾ ಟೀವಿ ನೋಡುವ ಹೊತ್ತಿಗೆ, ನೀವು ಕೂರುವ ಜಾಗದಲ್ಲೇ ಕೂತು, ಈಗಿರುವ ಟೀವಿ ಆರಿಸಿ ಪರದೆಯನ್ನೇ ಗಮನಿಸಿ. ಅದರಲ್ಲಿ ಏನು ಕಾಣುತ್ತದೆ? ಕಿಟಕಿ, ಟ್ಯೂಬ್‌ಲೈಟು, ನಿಮ್ಮ ಮುಖ ಎಲ್ಲ ನಿಚ್ಚಳವಾಗಿ ಕಂಡರೆ, ಮುಂದೆ ಎಷ್ಟೇ ಒಳ್ಳೆಯ ಟೀವಿ ತಂದರೂ ಕತ್ತಲೆಯ ದೃಶ್ಯ ಬಂದಾಗ ಅವೇ ಕಾಣುತ್ತವೆ. ನಾನು ವರ್ಷಗಟ್ಟಲೆ ಕಿಟಕಿಯ ಎದುರಿಗೇ ಟೀವಿ ಇಟ್ಟುಕೊಂಡಿದ್ದೆ. ಪಕ್ಕದ ಗೋಡೆಗೆ ಸರಿಸಿದ ದಿನ ಅದೇ ಟೀವಿ ಹೊಸದಾದಂತೆ ಕಂಡಿತು, ಒಂದು ಪೈಸೆ ಖರ್ಚಿಲ್ಲದೆ.

ಸಾದಾ ಎಲ್‌ಇಡಿ ಟೀವಿಯಲ್ಲಿ ಪರದೆ ಪೂರ್ತಿ ಕಪ್ಪಾದಾಗಲೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಸ್ವಲ್ಪ ಬೆಳಕು ಸೋರುತ್ತದೆ, ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಪರದೆ ಯಾವುದು ಎನ್ನುವುದೂ ಮುಖ್ಯ, ಎಲ್‌ಸಿಡಿ ಪರದೆಯಲ್ಲಿ ವಿಎ, ಐಪಿಎಸ್ ಎಂಬ ಎರಡು ಬಗೆ ಹೆಚ್ಚು ಕಾಣುತ್ತವೆ. ವಿಎ ಪರದೆಯಲ್ಲಿ ಕಪ್ಪು ಗಾಢವಾಗಿರುತ್ತದೆ, ಆದರೆ ಪಕ್ಕಕ್ಕೆ ಕೂತವರಿಗೆ ಬಣ್ಣ ತೆಳುವಾಗುತ್ತದೆ. ಐಪಿಎಸ್ ಪರದೆ ಪಕ್ಕದಿಂದಲೂ ಚೆನ್ನಾಗಿ ಕಾಣುತ್ತದೆ, ಕಪ್ಪು ಮಾತ್ರ ಮಂಕು. ಮನೆಮಂದಿಯೆಲ್ಲ ಅಲ್ಲಲ್ಲಿ ಚದುರಿ ಕೂರುವ ಹಾಲ್‌ಗೆ ಐಪಿಎಸ್, ರಾತ್ರಿ ಒಬ್ಬಿಬ್ಬರು ನೇರ ಎದುರಿಗೆ ಕೂತು ಸಿನಿಮಾ ನೋಡುವ ಕೋಣೆಗೆ ವಿಎ.

ಕ್ಯೂಎಲ್‌ಇಡಿ ಎಂದರೆ ಅದೇ ಎಲ್‌ಸಿಡಿಗೆ ಕ್ವಾಂಟಮ್ ಡಾಟ್ ಎಂಬ ಅತಿ ಸಣ್ಣ ಕಣಗಳ ಒಂದು ಪದರ ಸೇರಿಸಿದ್ದು. ನೀಲಿ ಬೆಳಕು ಬಿದ್ದಾಗ ಈ ಕಣಗಳು ತಮ್ಮ ಗಾತ್ರಕ್ಕೆ ತಕ್ಕಂತೆ ಶುದ್ಧ ಕೆಂಪು, ಶುದ್ಧ ಹಸಿರು ಹೊಮ್ಮಿಸುತ್ತವೆ. 2023ರ ರಸಾಯನ ವಿಜ್ಞಾನದ ನೊಬೆಲ್ ಇವುಗಳ ಮೇಲಿನ ಕೆಲಸಕ್ಕೇ ಸಿಕ್ಕಿತು. ಬಣ್ಣ ನಿಜಕ್ಕೂ ಚೆಂದ. ಆದರೆ ಕಪ್ಪು ಇದರಿಂದ ಸುಧಾರಿಸುವುದಿಲ್ಲ, ಯಾಕೆಂದರೆ ಹಿಂದಿನ ದೀಪ ಹಾಗೇ ಇದೆ.

ಆ ದೀಪವನ್ನೇ ಸರಿಮಾಡಲು ಬಂದದ್ದು ಮಿನಿ ಎಲ್‌ಇಡಿ. ಸಾವಿರಾರು ಪುಟ್ಟ ದೀಪಗಳನ್ನು ಹಿಂದೆ ಹರಡಿ, ಗುಂಪು ಗುಂಪಾಗಿ ಬೇಕಾದಲ್ಲಿ ಬೆಳಗಿಸಿ ಬೇಡವಾದಲ್ಲಿ ಆರಿಸುತ್ತಾರೆ. ಈ ಗುಂಪಿಗೆ ಡಿಮ್ಮಿಂಗ್ ಝೋನ್ ಎನ್ನುತ್ತಾರೆ, ಎಷ್ಟಿವೆ ಎಂದು ಕೇಳಲೇಬೇಕು. ಒಂದು ಲೆಕ್ಕ ಹಾಕೋಣ. 4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ, ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ. 1000 ಝೋನ್ ಇದ್ದರೂ ಒಂದೊಂದರ ಪಾಲಿಗೆ 8 ಸಾವಿರಕ್ಕೂ ಜಾಸ್ತಿ ಚುಕ್ಕಿ ಬಂತು. ಹಾಗಾಗಿಯೇ ಕಪ್ಪು ಆಕಾಶದಲ್ಲಿ ಚಂದ್ರ ಇದ್ದರೆ ಸುತ್ತ ಮಬ್ಬು ಪ್ರಭೆ ಕಾಣುತ್ತದೆ, ಕತ್ತಲೆಯ ದೃಶ್ಯದ ಕೆಳಗೆ ಬಿಳಿ ಸಬ್‌ಟೈಟಲ್ ಬಂದರೆ ಅಕ್ಷರಗಳ ಸುತ್ತ ಹೊಗೆ ಕವಿದಂತಿರುತ್ತದೆ. ಝೋನ್ ಜಾಸ್ತಿಯಾದಷ್ಟೂ ಈ ಮಬ್ಬು ಕಡಿಮೆ. ಹಗಲು ಬೆಳಕು ತುಂಬಿದ ಕೋಣೆಗೆ ನಾನು ಹೇಳುವುದು ಇದನ್ನೇ, ಇದರಷ್ಟು ಪ್ರಖರವಾಗಿ ಪರದೆ ಪೂರ್ತಿ ಬೆಳಗುವುದು ಒಎಲ್‌ಇಡಿಗೆ ಕಷ್ಟ.

ಒಎಲ್‌ಇಡಿಯಲ್ಲಿ ಆ 83 ಲಕ್ಷ ಚುಕ್ಕಿಗಳೂ ಒಂದೊಂದಾಗಿ ಆರಬಲ್ಲವು. ದೀಪ ಆರಿಸಿದ ಕೋಣೆಯಲ್ಲಿ ನಕ್ಷತ್ರಗಳ ದೃಶ್ಯ ಹಾಕಿ ನೋಡಿ, ಪರದೆಯ ಅಂಚು ಎಲ್ಲಿ ಮುಗಿಯಿತು ಗೋಡೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ತೊಂದರೆ ಒಂದೇ, ಚುಕ್ಕಿಗಳು ಸವೆಯುತ್ತವೆ. ದಿನಾ ಹತ್ತು ಗಂಟೆ ಅದೇ ನ್ಯೂಸ್ ಚಾನೆಲ್, ಮೂಲೆಯಲ್ಲಿ ಅದೇ ಲೋಗೋ, ಕೆಳಗೆ ಅದೇ ಕೆಂಪು ಪಟ್ಟಿ ಓಡುತ್ತಿದ್ದರೆ ಆ ಜಾಗದ ಚುಕ್ಕಿಗಳು ಬೇಗ ಸವೆದು ಗುರುತು ಉಳಿದುಬಿಡಬಹುದು. ಅಂಥ ಮನೆಗೆ ಒಎಲ್‌ಇಡಿ ಬೇಡ ಎಂದು ಖಂಡಿತವಾಗಿ ಹೇಳುತ್ತೇನೆ. ಸಿನಿಮಾ, ಸೀರಿಯಲ್, ಆಟ ಎಂದು ಬದಲಾಯಿಸಿ ನೋಡುವವರು ಅಷ್ಟು ಹೆದರಬೇಕಿಲ್ಲ. ಒಂದು ಅಭ್ಯಾಸ ಮಾತ್ರ ಬಿಡಿ: ರಿಮೋಟ್‌ನಿಂದ ಆರಿಸಿದ ತಕ್ಷಣ ಗೋಡೆಯ ಸ್ವಿಚ್ ಆರಿಸುವುದು. ಟೀವಿ ಆರಿದಂತೆ ಕಂಡಾಗಲೇ ಒಳಗೆ ಚುಕ್ಕಿಗಳನ್ನು ಸಮ ಮಾಡಿಕೊಳ್ಳುವ ಕೆಲಸ ನಡೆಯುತ್ತಿರುತ್ತದೆ, ಅದಕ್ಕೆ ಕರೆಂಟು ಬೇಕು.

2022ರಲ್ಲಿ ಬಂದ ಕ್ಯೂಡಿ-ಒಎಲ್‌ಇಡಿ ಟೀವಿಗಳಲ್ಲಿ ತಾನೇ ಉರಿಯುವ ಚುಕ್ಕಿಗೆ ಕ್ವಾಂಟಮ್ ಡಾಟ್ ಬಣ್ಣವೂ ಸೇರಿದೆ. ಬಣ್ಣ ಅದ್ಭುತ. ಆದರೆ ಕೋಣೆಯಲ್ಲಿ ಬೆಳಕಿದ್ದರೆ ಅದರ ಕಪ್ಪು ಸ್ವಲ್ಪ ನೇರಳೆ ಬೂದಿಯಾಗಿ ಕಾಣುತ್ತದೆ, ಕತ್ತಲೆ ಮಾಡಿ ನೋಡುವವರಿಗೇ ಅದು ಸರಿ.

ಗಾತ್ರದ ವಿಷಯ. 55 ಇಂಚಿನ ಟೀವಿ ಸುಮಾರು 122 ಸೆಂ.ಮೀ. ಅಗಲ, 68 ಸೆಂ.ಮೀ. ಎತ್ತರ. ಹಳೇ ಪೇಪರ್ ಅಷ್ಟಕ್ಕೇ ಕತ್ತರಿಸಿ ಗೋಡೆಗೆ ಅಂಟಿಸಿ, ಎರಡು ದಿನ ಹಾಗೇ ಬಿಡಿ. ಐದೂವರೆಯಿಂದ ಏಳೂವರೆ ಅಡಿ ದೂರ ಇದಕ್ಕೆ ಚೆನ್ನ. ಹತ್ತು ಅಡಿ ದೂರ ಕೂರುವವರು ಇನ್ನೂ ದೊಡ್ಡದನ್ನೇ ನೋಡಬಹುದು.

ಗೇಮ್ ಆಡುವವರು ಮನೆಯಲ್ಲಿದ್ದರೆ ಪರದೆಯದ್ದೇ 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ವೇಗ) ಇದೆಯಾ, ಗೇಮ್ ಪೆಟ್ಟಿಗೆಯ ಕೇಬಲ್ ಚುಚ್ಚಲು ಎಚ್‌ಡಿಎಂಐ 2.1 ಕಿಂಡಿ ಇದೆಯಾ ಎಂದು ಕೇಳಿ. ಡಬ್ಬದ ಮೇಲೆ 'ಮೋಷನ್' ಎಂದು ಬರೆದ ದೊಡ್ಡ ಸಂಖ್ಯೆ ಬೇರೆ, ಅದನ್ನು ನಂಬಬೇಡಿ.

ಅಂಗಡಿಯಲ್ಲಿ ಎಲ್ಲ ಟೀವಿಯೂ ಕಣ್ಣು ಕುಕ್ಕುವ ವಿವಿಡ್ ಮೋಡ್‌ನಲ್ಲೇ ಇರುತ್ತವೆ, ಹಾಗಾಗಿ ಸುಮ್ನೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ರಿಮೋಟ್ ಕೇಳಿ ತೆಗೆದುಕೊಂಡು ಸಿನಿಮಾ ಮೋಡ್‌ಗೆ ಹಾಕಿಸಿ. ಪೆನ್‌ಡ್ರೈವ್‌ನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ರಾತ್ರಿಯ ದೃಶ್ಯ, ಒಬ್ಬರ ಮುಖ ಹತ್ತಿರದಿಂದ ಕಾಣುವ ಒಂದು ದೃಶ್ಯ ಒಯ್ಯಿರಿ. ಮುಖದ ಬಣ್ಣ ನಿಜವಾದ ಚರ್ಮದಂತಿದೆಯಾ, ಕಪ್ಪು ಕೂದಲಲ್ಲಿ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆಯಾ ಇಲ್ಲ ಒಂದೇ ಮುದ್ದೆಯಾಗಿದೆಯಾ ನೋಡಿ. ಆಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಅದೇ ಮುಖವನ್ನು ಅಲ್ಲಿಂದ ಇನ್ನೊಮ್ಮೆ ನೋಡಿ.