ಮನೆಯ ಶುಂಠಿ ಸೋಡಾಕ್ಕೆ ಯಾವ ಮುಚ್ಚಳ?

ಹುದುಗು ಬರಿಸಿದ ಶುಂಠಿ ಸೋಡಾ ಇರಲಿ, ಚಹಾವನ್ನು ಹುದುಗಿಸಿದ ಕೊಂಬುಚಾ ಇರಲಿ, ಬಾಟಲಿಗೆ ತುಂಬಿದ ಮೇಲೂ ಅದರೊಳಗಿನ ಯೀಸ್ಟ್ ಸುಮ್ಮನಿರುವುದಿಲ್ಲ. ಸಕ್ಕರೆ ತಿಂದು ಗ್ಯಾಸ್ ಬಿಡುತ್ತಲೇ ಇರುತ್ತದೆ. ಹೊರಗೆ ದಾರಿ ಸಿಗದ ಆ ಗ್ಯಾಸೇ ಪಾನೀಯದಲ್ಲಿ ಕರಗಿ ನೊರೆಯಾಗುತ್ತದೆ. ಎಷ್ಟು ಗ್ಯಾಸ್ ಹುಟ್ಟುತ್ತದೆ ಎಂದು ತಿಳಿದ ಮೇಲೆಯೇ ಮುಚ್ಚಳದ ಮಾತು.

ಲೀಟರಿಗೆ 4 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 2 ಗ್ರಾಂ ಗ್ಯಾಸ್ ಬರುತ್ತದೆ. ಅದು ಹೆಚ್ಚುಕಡಿಮೆ ಪಾನೀಯದಷ್ಟೇ ಗಾತ್ರ. ಚೆನ್ನಾಗಿ ಚುರುಗುಟ್ಟುವ ಸೋಡಾಕ್ಕೆ ಮೂರರಿಂದ ನಾಲ್ಕು ಪಟ್ಟು ಗಾತ್ರದ ಗ್ಯಾಸ್ ಸಾಕು, ಅಂದರೆ 12ರಿಂದ 16 ಗ್ರಾಂ ಸಕ್ಕರೆ. ಆದರೆ ಸಿಹಿ ಇರಲೆಂದು ನಾವು ಲೀಟರಿಗೆ 80 ಗ್ರಾಂ ಹಾಕುತ್ತೇವೆ. ಅಷ್ಟೂ ಹುದುಗಿದರೆ ಗ್ಯಾಸ್ ಇಪ್ಪತ್ತು ಪಟ್ಟಾಗುತ್ತದೆ. ಅದನ್ನು ತಡೆದುಕೊಳ್ಳುವ ಗಾಜಿನ ಬಾಟಲಿ ಮನೆಗಳಲ್ಲಿ ಇರುವುದಿಲ್ಲ. ಸೆಕೆಯೂ ಸೇರಿದರೆ ಕಷ್ಟ ಇನ್ನೂ ಹೆಚ್ಚು: ನಾಲ್ಕು ಪಟ್ಟು ಗ್ಯಾಸಿರುವ ಬಾಟಲಿಯ ಒತ್ತಡ ಫ್ರಿಜ್‌ನಲ್ಲಿ 2 ಬಾರ್‌ಗಿಂತ ಕಡಿಮೆ, 30 ಡಿಗ್ರಿಯ ಅಡುಗೆಮನೆಯಲ್ಲಿ ಸುಮಾರು 5 ಬಾರ್. ಕಾರಿನ ಟೈರಿನಲ್ಲಿರುವುದರ ಎರಡು ಪಟ್ಟಿಗೂ ಹೆಚ್ಚು.

ಹೊಸಬರು ಪ್ಲಾಸ್ಟಿಕ್ಕಿನ ಸೋಡಾ ಬಾಟಲಿಯಿಂದಲೇ ಶುರುಮಾಡಬೇಕು ಎನ್ನುವುದು ನಮ್ಮ ಖಚಿತ ಸಲಹೆ. ನೋಡಲು ಚಂದವಿಲ್ಲ, ನಿಜ. ಆದರೆ ಒಳಗಿನ ಒತ್ತಡವನ್ನು ಬೆರಳಿನಿಂದ ಒತ್ತಿ ತಿಳಿಯಬಹುದಾದ ಬಾಟಲಿ ಇದೊಂದೇ. ಒಡೆದರೂ ಗಾಜಿನ ಚೂರು ಹಾರುವುದಿಲ್ಲ. ತಂಪು ಪಾನೀಯ ಬಂದ ಬಾಟಲಿಯೇ ಬೇಕು. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ತಳದಲ್ಲಿ ಐದು ಉಬ್ಬುಕಾಲುಗಳಿದ್ದರೆ ಅದು ಒತ್ತಡಕ್ಕೆಂದೇ ಮಾಡಿದ್ದು. ಆಯಾ ಬಾಟಲಿಗೆ ಅದರದೇ ಮುಚ್ಚಳ ಹಾಕಿ. 28 ಮಿ.ಮೀ. ಬಾಯಿಯಲ್ಲೇ ಗಿಡ್ಡ ಕತ್ತಿನದು, ಉದ್ದ ಕತ್ತಿನದು ಎಂದು ಎರಡು ಬಗೆಯಿದ್ದು, ಅದಲುಬದಲಾದರೆ ಗ್ಯಾಸ್ ಸೋರುತ್ತದೆ. ಇವನ್ನು ಕುದಿಯುವ ನೀರಿನಲ್ಲಿ ತೊಳೆದರೆ ಬಾಟಲಿ ಸೊಟ್ಟಗಾಗುತ್ತದೆ. ಪ್ಲಾಸ್ಟಿಕ್ಕಿನ ಗೋಡೆಯ ಮೂಲಕವೂ ಗ್ಯಾಸ್ ನಿಧಾನವಾಗಿ ಹೊರಹೋಗುವುದರಿಂದ ಕೆಲವು ವಾರಗಳೊಳಗೆ ಕುಡಿದು ಮುಗಿಸಿ.

ತಂತಿಯ ಕೊಂಡಿ ಅಮುಕಿ ಮುಚ್ಚುವ ಸ್ವಿಂಗ್‌ಟಾಪ್ ಬಾಟಲಿ ಎಲ್ಲರಿಗೂ ಇಷ್ಟ. ಇಲ್ಲಿ ಮೋಸಹೋಗುವುದೂ ಸುಲಭ. ಅಲಂಕಾರಕ್ಕೆಂದು ಮಾರುವ ಚೌಕಾಕಾರದ, ತೆಳು ಗಾಜಿನ ಬಾಟಲಿಗೂ ಇದೇ ಕೊಂಡಿ ಇರುತ್ತದೆ. ಮೂಲೆಗಳಿರುವ ಗಾಜಿನಲ್ಲಿ ಒತ್ತಡವೆಲ್ಲ ಮೂಲೆಗೇ ಬಿದ್ದು ಅಲ್ಲಿಯೇ ಸೀಳುತ್ತದೆ. ದುಂಡಗಿನ, ದಪ್ಪ ಗಾಜಿನ, ಬಿಯರ್ ಅಥವಾ ಸೋಡಾಕ್ಕೆಂದೇ ಮಾಡಿದ ಬಾಟಲಿ ಮಾತ್ರ ತನ್ನಿ. ರಬ್ಬರ್ ವಾಷರನ್ನು ಪ್ರತಿ ಸಲ ಬಿಚ್ಚಿ ತೊಳೆಯಬೇಕು. ಗಟ್ಟಿಯಾಗಿದ್ದರೆ, ಬಿರುಕಿದ್ದರೆ ಬದಲಿಸಿ. ವಾಷರ್ ಸರಿಯಿದೆಯೇ ಎಂದು ನೋಡಲು ಅಂಗಡಿಯ ಸೋಡಾ ತುಂಬಿ ಮುಚ್ಚಿ, ಬಕೆಟ್ ನೀರಿನಲ್ಲಿ ತಲೆಕೆಳಗಾಗಿ ಐದು ನಿಮಿಷ ಹಿಡಿಯಿರಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ.

ಒಮ್ಮೆಗೆ ಇಪ್ಪತ್ತು ಮೂವತ್ತು ಬಾಟಲಿ ತುಂಬುವವರಿಗೆ ಓಪನರ್‌ನಿಂದ ಎಬ್ಬಿಸಿ ತೆಗೆಯುವ ತಗಡಿನ ಕ್ರೌನ್ ಮುಚ್ಚಳವೇ ಅಗ್ಗ, ಅದೇ ಭದ್ರ. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ಪೇಟೆಂಟ್ ಪಡೆದ ಈ ಮುಚ್ಚಳಕ್ಕೆ ಇಂದು ಸುತ್ತ 21 ಹಲ್ಲುಗಳಿವೆ. ಬಾಟಲಿಯ ಬಾಯಿಗೆ ತಕ್ಕಂತೆ ಹೇಳುವ ಸಾಮಾನ್ಯ ಅಳತೆ 26 ಮಿ.ಮೀ.; ಯುರೋಪಿನ ಶಾಂಪೇನ್ ಬಾಟಲಿಗಳಿಗೆ 29 ಬೇಕಾಗುತ್ತದೆ, ಅದಕ್ಕೆ ಮುಚ್ಚುವ ಯಂತ್ರದ, ಅಂದರೆ ಕ್ಯಾಪರ್‌ನ, ಮುಚ್ಚಳ ಒತ್ತುವ ಗಂಟೆಯಾಕಾರದ ಭಾಗವೂ ಬೇರೆ. ಎರಡು ಕೈಹಿಡಿಯ ಕ್ಯಾಪರ್‌ಗಿಂತ ಮೇಜಿನ ಮೇಲೆ ನಿಲ್ಲುವ ಕ್ಯಾಪರ್ ಒಳ್ಳೆಯದು, ಬಾಟಲಿ ವಾಲುವುದಿಲ್ಲ. ಒತ್ತಿದ ಮೇಲೆ 26ರ ಮುಚ್ಚಳದ ಹೊರ ಅಳತೆ 28.7 ಮಿ.ಮೀ. ಆಸುಪಾಸಿರಬೇಕು. 29 ದಾಟಿದ್ದರೆ ಹಿಡಿತ ಸಾಲದು. ಕೈಯಿಂದ ತಿರುಗಿಸಿ ತೆಗೆಯುವ ಬಾಯಿಯ ಬಾಟಲಿಗೆ ಇದನ್ನು ಒತ್ತಬೇಡಿ, ಸರಿಯಾಗಿ ಕೂರುವುದಿಲ್ಲ.

ಇನ್ನು ಬಿರಡೆ. ವೈನಿನ ನೇರ ಬಿರಡೆ ಗ್ಯಾಸಿಗೆ ತಡೆಯುವುದಿಲ್ಲ, ಒಂದಲ್ಲ ಒಂದು ದಿನ ಹಾರುತ್ತದೆ. ಶಾಂಪೇನ್ ಬಿರಡೆಯ ಕಥೆ ಬೇರೆ: ಸುಮಾರು 31 ಮಿ.ಮೀ. ದಪ್ಪದ್ದನ್ನು 18ರ ಆಸುಪಾಸಿಗೆ ಹಿಸುಕಿ ಅರ್ಧದಷ್ಟೇ ಒಳಗೆ ತುರುಕಿ, ಮೇಲೆ ತಂತಿಯ ಬಲೆ ಕಟ್ಟುತ್ತಾರೆ. ಅದಕ್ಕೆ ಬೇಕಾದ ಯಂತ್ರ ಮನೆಯಲ್ಲಿರುವುದಿಲ್ಲ. ಶಾಂಪೇನ್ ಬಾಟಲಿಯೇ ಬೇಕೆಂದಿದ್ದರೆ ಅಣಬೆಯಾಕಾರದ ಪ್ಲಾಸ್ಟಿಕ್ ಬಿರಡೆ ತಂದು, ಬಿಸಿನೀರಿನಲ್ಲಿ ಮೆದುವಾಗಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿ. ತಂತಿಯ ಬಲೆ ಬಿಡುವಂತಿಲ್ಲ.

ಉಪ್ಪಿನಕಾಯಿ ಜಾಡಿಯ ತಗಡಿನ ಮುಚ್ಚಳ ನಿಲ್ಲುವುದು ಒಳಗಿನ ನಿರ್ವಾತದ ಎಳೆತದಿಂದ. ಹೊರಗೆ ತಳ್ಳುವ ಗ್ಯಾಸಿಗೆ ಅದು ಆಗದು. ಗೋಲಿ ಸೋಡಾದ ಹಳೆಯ ಬಾಟಲಿ ಇಟ್ಟುಕೊಂಡವರಿಗೂ ಒಂದು ಮಾತು: ಗ್ಯಾಸಿನ ಒತ್ತಡದಲ್ಲಿ ತುಂಬಿ ತಲೆಕೆಳಗಾಗಿಸಿದಾಗ ಗೋಲಿ ಬಂದು ವಾಷರಿಗೆ ಅಂಟಬೇಕು. ಮನೆಯ ಹುದುಗಿಗೆ ಮೊದಲ ದಿನ ಆ ಒತ್ತಡವಿರುವುದಿಲ್ಲ. ಕತ್ತಿನ ಸಂದಿಯನ್ನು ತೊಳೆಯುವುದೂ ಕಷ್ಟ.

ತುಂಬುವ ದಿನ ಮೊದಲು ಬಾಟಲಿಯ ಬಾಯಿಗೆ ಹತ್ತಿಯ ಉಂಡೆ ಸವರಿ. ಎಳೆ ಸಿಕ್ಕಿಕೊಂಡರೆ ಅಂಚು ಒಡೆದಿದೆ, ಆ ಬಾಟಲಿ ಎತ್ತಿಡಿ. ಶುಂಠಿಯ ನಾರು ಬಾಯಿಗೆ ಅಂಟದಂತೆ ಸೋಸಿ ತುಂಬಿ, ಮೇಲೆ 3 ಸೆಂ.ಮೀ. ಖಾಲಿ ಬಿಡಿ. ಕತ್ತಿನವರೆಗೂ ತುಂಬಿದರೆ ಸೆಕೆಗೆ ಹಿಗ್ಗುವ ದ್ರವಕ್ಕೆ ಜಾಗವಿರುವುದಿಲ್ಲ. ಗಾಜಿನ ಬಾಟಲಿಗಳ ಜೊತೆ ಅದೇ ಪಾನೀಯವನ್ನು ಒಂದು ಪ್ಲಾಸ್ಟಿಕ್ ಬಾಟಲಿಗೂ ತುಂಬಿ ಪಕ್ಕದಲ್ಲೇ ಇಡಿ. ಎಲ್ಲವೂ ಮುಚ್ಚಳವಿರುವ ಪೆಟ್ಟಿಗೆಯೊಳಗೆ, ನೆರಳಿನಲ್ಲಿರಲಿ. ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಸಲ ಒತ್ತಿ ನೋಡಿ. ಒಂದೇ ದಿನಕ್ಕೆ ಬಿಗಿಯಾಗಬಹುದು. ಮಲೆನಾಡಿನ ಚಳಿಯಲ್ಲಿ ನಾಲ್ಕೈದು ದಿನ ಬೇಕಾದೀತು. ಪ್ಲಾಸ್ಟಿಕ್ ಬಾಟಲಿ ಕಲ್ಲಿನಂತಾದ ತಕ್ಷಣ ಎಲ್ಲವನ್ನೂ ಫ್ರಿಜ್‌ಗೆ ಸೇರಿಸಿ. ಅಲ್ಲಿಯೂ ಯೀಸ್ಟ್ ನಿಧಾನವಾಗುತ್ತದೆಯೇ ಹೊರತು ಸಾಯುವುದಿಲ್ಲ. ವಾರಗಟ್ಟಲೆ ಮರೆತು ಬಿಡಬೇಡಿ.

ಬಾಟಲಿಗಳು ಹೊರಗೇ ಹೆಚ್ಚು ದಿನ ಉಳಿದುಹೋಗಿದ್ದರೆ ಗಾಜಿನದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕನ್ನಡಕ, ದಪ್ಪ ಕೈಗವಸು ಹಾಕಿ, ಒದ್ದೆ ಟವೆಲ್ ಸುತ್ತಿ, ಅಲುಗಾಡಿಸದೆ ಫ್ರಿಜ್‌ನಲ್ಲಿ ಒಂದು ಇಡೀ ದಿನ ತಣಿಸಿ. ಆಮೇಲೆ ಸಿಂಕಿನೊಳಗೆ, ಮುಖ ಆಚೆ ಇಟ್ಟು, ಟವೆಲ್ ಬಿಡಿಸದೆಯೇ ಮುಚ್ಚಳ ತೆಗೆಯಿರಿ.