ಆಟೊಮ್ಯಾಟಿಕ್ ಸ್ಪೋರ್ಟ್ಸ್ ಕಾರಿನಲ್ಲಿ ಡ್ರ್ಯಾಗ್ ರೇಸ್: ಕರಾವಳಿಯಿಂದ ಹೊರಡುವವರಿಗೆ

ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಪಂದ್ಯ. ಅದರ ದೂರ ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402 ಮೀಟರ್. ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ತುಳಿಯುವ ಕೆಲಸವಿಲ್ಲ, ಗೇರು ತಾನಾಗಿ ಬದಲಾಗುತ್ತದೆ. ಚಾಲಕ ನೋಡಿಕೊಳ್ಳಬೇಕಾದದ್ದು ಮುಖ್ಯವಾಗಿ ಎರಡು: ಮೊದಲ 18 ಮೀಟರಿನಲ್ಲಿ ಟೈರಿನ ಹಿಡಿತ, ಮತ್ತು ಗೇರ್‌ಬಾಕ್ಸಿನ ಬಿಸಿ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಕಾರುಗಳಿಗೆ ಎರಡನೆಯದೇ ಹೆಚ್ಚು ಕಾಡುತ್ತದೆ.

ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆಂದೇ ಕಟ್ಟಿದ ಟ್ರ್ಯಾಕ್ ಇಲ್ಲ. 66ನೇ ಹೆದ್ದಾರಿಯ ನಾಲ್ಕು ಪಥ ಎಷ್ಟೇ ನೇರವಾಗಿ ಕಂಡರೂ ಅಲ್ಲಿ ಓಡಿಸಬೇಡಿ. ದನ, ಸ್ಕೂಟರ್, ಮೀನಿನ ಲಾರಿ ಯಾವ ಗಳಿಗೆಯಲ್ಲಾದರೂ ಅಡ್ಡ ಬರಬಹುದು. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸಮುದ್ರದ ದಂಡೆಯೂ ಬೇಡ. ಮರಳಿನಲ್ಲಿ ಹಿಡಿತ ಸಿಗುವುದಿಲ್ಲ, ಉಪ್ಪು ಮಾತ್ರ ಸಿಗುತ್ತದೆ. ದೇಶದ ಮೋಟಾರ್ ಕ್ರೀಡೆಯ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಮಾನ್ಯತೆ ಇರುವ, ಆಂಬುಲೆನ್ಸ್ ನಿಂತಿರುವ ಕೂಟಕ್ಕೇ ಹೋಗಿ.

ಮೊದಲು ನಿಮ್ಮ ಗೇರ್‌ಬಾಕ್ಸ್ ಯಾವ ಬಗೆಯದೆಂದು ಖಚಿತ ಮಾಡಿಕೊಳ್ಳಿ. ಭಾರತದಲ್ಲಿ ಮಾರಾಟವಾದ ಮಸ್ಟಾಂಗ್ ಜಿಟಿಯಲ್ಲಿ ಇರುವುದು ಆಯಿಲ್ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್. ಆಕ್ಟೇವಿಯಾ ಆರ್‌ಎಸ್‌ನಲ್ಲಿ ಇರುವುದು ಎರಡು ಕ್ಲಚ್‌ನ ಡಿಎಸ್‌ಜಿ. ಎರಡರ ಲಾಂಚ್ (ಗೆರೆಯಿಂದ ಹೊರಡುವ) ವಿಧಾನವೂ ಬೇರೆ, ಕೆಡುವ ರೀತಿಯೂ ಬೇರೆ. ಗೇರುಗಳ ಬದಲು ಬೆಲ್ಟ್, ಪುಲ್ಲಿ ಇರುವ ಸಿವಿಟಿ ಕಾರಾದರೆ ಈ ಆಸೆ ಬಿಡಿ: ಬೆಲ್ಟ್ ಜಾರಿ ಪುಲ್ಲಿಗೆ ಗೀರು ಬಿದ್ದರೆ ಇಡೀ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ.

ಅರಬೈಲ್ ಅಥವಾ ದೇವಿಮನೆ ಘಟ್ಟವನ್ನು ವಾರವಾರ ಹತ್ತಿಳಿಯುವ ಕಾರಿನ ಗೇರ್‌ಬಾಕ್ಸ್ ಆಯಿಲ್ ಬೇಗ ಸೋಲುತ್ತದೆ. 'ಜೀವನಪೂರ್ತಿ ಬದಲಿಸಬೇಕಿಲ್ಲ' ಎಂಬ ಮಾತನ್ನು ನಂಬಿ ಟ್ರ್ಯಾಕಿಗೆ ಹೋಗಬೇಡಿ. ರೇಸಿಗೆ ಮುಂಚೆ ಕಂಪನಿ ಹೇಳಿದ ದರ್ಜೆಯ ಹೊಸ ಆಯಿಲ್ ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ವರ್ಷಕ್ಕೊಮ್ಮೆ ಬದಲಿಸುವುದೇ ಸರಿ. ಏರ್ ಫಿಲ್ಟರಿನಲ್ಲಿ ಕೆಂಪು ಧೂಳು ಕೂತಿದ್ದರೆ ಹೊಸದು ಹಾಕಿ. ವೀಲ್ ನಟ್‌ಗಳಿಗೆ ತುಕ್ಕು ಹಿಡಿದಿದ್ದರೆ ಸರಿಯಾದ ಬಿಗಿ ಸಿಗುವುದಿಲ್ಲ. ಅವನ್ನು ಬಿಚ್ಚಿ, ಬ್ರಷ್‌ನಿಂದ ಉಜ್ಜಿ, ಮ್ಯಾನುವಲ್‌ನಲ್ಲಿ ಹೇಳಿದ ಅಳತೆಗೆ ಟಾರ್ಕ್ ಪಾನಾದಲ್ಲಿ ಬಿಗಿ ಮಾಡಿ.

ಟ್ರ್ಯಾಕಿನಲ್ಲಿ ಡಿಕ್ಕಿ, ಫ್ಲೋರ್ ಮ್ಯಾಟ್, ನೀರಿನ ಬಾಟಲಿ ಎಲ್ಲ ಖಾಲಿ ಮಾಡಿ. ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಸ್ವಲ್ಪ ಹೆಚ್ಚಿರಲಿ. ತೀರಾ ಕಡಿಮೆಯಾದರೆ ಕಾರು ನುಗ್ಗಿದಾಗ ಪೆಟ್ರೋಲ್ ಹಿಂದಕ್ಕೆ ಸರಿದು ಪಂಪಿಗೆ ಸಿಗದೆ ಹೋಗಬಹುದು. ಎಂಜಿನ್ ಶಕ್ತಿ ಕೊಡುವ ಚಕ್ರಗಳ ಸಾಮಾನ್ಯ ರೋಡ್ ಟೈರಿಗೆ 33 ಪಿಎಸ್‌ಐ ಇದ್ದರೆ 28ಕ್ಕೆ ಇಳಿಸಿ ನೋಡಿ, ಆಮೇಲೆ ಒಂದೊಂದೇ ಪಿಎಸ್‌ಐ ಕಡಿಮೆ ಮಾಡಿ. 25ಕ್ಕಿಂತ ಕೆಳಗೆ ಹೋದರೆ ಟೈರಿನ ಪಕ್ಕ ಮಡಚಿ ಕಾರು ಓಲಾಡುತ್ತದೆ. ಬರ್ನ್‌ಔಟ್‌ಗೆಂದು (ನಿಂತಲ್ಲೇ ಚಕ್ರ ಸುತ್ತಿಸಿ ಟೈರು ಬಿಸಿ ಮಾಡಲು) ನೀರು ಚೆಲ್ಲಿದ ಜಾಗಕ್ಕೆ ರೋಡ್ ಟೈರಿನವರು ಇಳಿಯದೆ ಪಕ್ಕದಿಂದ ಹೋಗಬೇಕು. ಟೈರಿನ ಗೀರಿನಲ್ಲಿ ನಿಂತ ನೀರು ಗೆರೆಯವರೆಗೂ ಬರುತ್ತದೆ.

ಈಗ ಲಾಂಚ್. ಎಸಿ ಬಂದ್, ಗೇರ್ ಎಸ್‌ನಲ್ಲಿ (ಸ್ಪೋರ್ಟ್), ಚಕ್ರ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್. ಕಾರು ಅಡ್ಡ ಜಾರದಂತೆ ನೋಡುವ ಸ್ಟೆಬಿಲಿಟಿ ಕಂಟ್ರೋಲನ್ನು ಬೇರೆಯಾಗಿ ಉಳಿಸಿಕೊಳ್ಳಲು ಬರುವಂತಿದ್ದರೆ ಅದು ಆನ್ ಇರಲಿ. ಗೆರೆ ಹತ್ತಿರವಾಯಿತೆಂದು ತೋರಿಸುವ ಪ್ರಿ-ಸ್ಟೇಜ್ ದೀಪ ಹತ್ತಿದ ಮೇಲೆ ಬ್ರೇಕ್ ಸಡಿಲಿಸಿ ತೆವಳುತ್ತಾ ಹೋಗಿ, ಗೆರೆಗೆ ಬಂದಿರೆಂದು ತೋರಿಸುವ ಸ್ಟೇಜ್ ದೀಪ ಹತ್ತಿದ ಕ್ಷಣಕ್ಕೆ ನಿಲ್ಲಿ. ಟಾರ್ಕ್ ಕನ್ವರ್ಟರ್ ಕಾರಾದರೆ ಎಡಗಾಲಿನಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ, ಬಲಗಾಲಿನಲ್ಲಿ 1,500ರಿಂದ 2,000 ಆರ್‌ಪಿಎಂ ತನಕ ಏರಿಸಿ. ಚಕ್ರ ಬ್ರೇಕನ್ನು ಮೀರಿ ತಿರುಗತೊಡಗಿದರೆ ಅದಕ್ಕಿಂತ 200 ಕಡಿಮೆ ಇಟ್ಟುಕೊಳ್ಳಿ. ಹೀಗೆ ಹಿಡಿಯುವುದು ಎರಡು ಮೂರು ಸೆಕೆಂಡ್ ಮಾತ್ರ. ಆ ಹೊತ್ತಿನಲ್ಲಿ ಎಂಜಿನ್‌ನ ಶಕ್ತಿಯೆಲ್ಲ ಕನ್ವರ್ಟರಿನ ಆಯಿಲನ್ನು ಕಾಯಿಸುವುದಕ್ಕೇ ಹೋಗುತ್ತದೆ. ಸಾಧಾರಣ 80–95 ಡಿಗ್ರಿಯಲ್ಲಿರಬೇಕಾದ ಆಯಿಲ್ 120 ದಾಟಿದರೆ ಬೇಗ ಹಾಳಾಗುತ್ತದೆ. ಬ್ರೇಕ್ ಬಿಟ್ಟೊಡನೆ ಆಕ್ಸಿಲರೇಟರನ್ನು ಒಮ್ಮೆಗೇ ತುಳಿಯದೆ ಅರ್ಧ ಸೆಕೆಂಡಿನಲ್ಲಿ ಪೂರ್ತಿ ಒತ್ತಿ.

ಡಿಎಸ್‌ಜಿಗೆ ಈ ಕ್ರಮ ಬೇಡ. ಕಂಪನಿಯ ಲಾಂಚ್ ಕಂಟ್ರೋಲ್ ಇದ್ದರೆ ಬ್ರೇಕ್ ಗಟ್ಟಿಯಾಗಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ಒಂದು ಕಡೆ ನಿಂತೊಡನೆ ಬ್ರೇಕ್ ಬಿಡಿ. ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಏರಿಸಿ ಡಿಗೆ ಹಾಕುವುದನ್ನಂತೂ ಯಾವ ಗೇರ್‌ಬಾಕ್ಸಿನಲ್ಲೂ ಮಾಡಬೇಡಿ. ಆ ಒಂದು ಏಟಿಗೆ ಒಳಗಿನ ಕ್ಲಚ್ ಪ್ಲೇಟೋ ಡ್ರೈವ್ ಶಾಫ್ಟೋ ಹೋಗಬಹುದು.

ಹಸಿರು ದೀಪಕ್ಕೆ ಆತುರ ಬೇಡ. ಟೈರು ಗೆರೆ ಬಿಟ್ಟ ಮೇಲೆಯೇ ಓಟದ ಸಮಯ ಶುರುವಾಗುವುದು. ಹಸಿರು ಹತ್ತಿದಾಗಿನಿಂದ ನೀವು ಹೊರಡುವವರೆಗಿನ ರಿಯಾಕ್ಷನ್ ಟೈಮ್ ಲೆಕ್ಕ ಬೇರೆ. ಎದುರಾಳಿಯನ್ನು ಗೆಲ್ಲಬೇಕಾದಾಗ ಮಾತ್ರ ಅದು ಮುಖ್ಯ. ಗೇರು ಬದಲಿಸಲು ಸ್ಟೀರಿಂಗ್ ಹಿಂದಿನ ಪ್ಯಾಡಲ್ ಬಳಸುವವರು ಕೆಂಪು ಗೆರೆಗಿಂತ 200–300 ಆರ್‌ಪಿಎಂ ಮೊದಲೇ ಎಳೆಯಬೇಕು, ಏಕೆಂದರೆ ಗೇರು ಬೀಳಲು ಸ್ವಲ್ಪ ಹೊತ್ತು ಬೇಕು. ಗುರಿ ದಾಟಿದ ಮೇಲೆ ಕಾರು ಗೇರಿನಲ್ಲೇ ಇರಲಿ, ಬ್ರೇಕನ್ನು ಹಂತಹಂತವಾಗಿ ಒತ್ತಿ. ನಿಂತ ಮೇಲೆ ಕಾಯ್ದ ಡಿಸ್ಕಿಗೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ.

ಪ್ರತಿ ಓಟದ ಸಮಯದ ಚೀಟಿ ಇಟ್ಟುಕೊಳ್ಳಿ, ಅದರಲ್ಲಿ ಎಲ್ಲ ಉತ್ತರವೂ ಇದೆ. 60 ಅಡಿಯ (ಮೊದಲ 18 ಮೀಟರಿನ) ಸಮಯ ಹೆಚ್ಚಾಗಿ ಕೊನೆಯ ವೇಗ ಹಾಗೇ ಇದ್ದರೆ ತಪ್ಪು ಲಾಂಚಿನದು: ಚಕ್ರ ಸುತ್ತಿದ್ದರೆ 200 ಆರ್‌ಪಿಎಂ ಇಳಿಸಿ, ಕಾರು ಮಂಕಾಗಿ ಹೊರಟಿದ್ದರೆ ಅಷ್ಟೇ ಏರಿಸಿ. ಅಲ್ಲಿ ಉಳಿಸಿದ 0.1 ಸೆಕೆಂಡ್ ಗುರಿಯಲ್ಲಿ ಸುಮಾರು 0.15ರಿಂದ 0.2 ಆಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಟೈರಿನ ಗಾಳಿ, ಆರ್‌ಪಿಎಂ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಲಾಭ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. 60 ಅಡಿ ಸರಿಯಿದ್ದು ಓಟದಿಂದ ಓಟಕ್ಕೆ ಕೊನೆಯ ವೇಗ ಕುಸಿಯುತ್ತಿದ್ದರೆ ಅದು ಬಿಸಿ. ಟರ್ಬೊ ಕಾರಿನಲ್ಲಿ ಎಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸೆಕೆಯಲ್ಲಿ ತಣಿಯಲು ಹೊತ್ತು ಹಿಡಿಯುತ್ತದೆ. ಬಾನೆಟ್ ತೆರೆದು ಅರ್ಧ ಗಂಟೆಯಾದರೂ ಕಾಯಿರಿ. ತಣಿದ ಮೇಲೂ ಗೇರು ಬದಲಾಗುವಾಗ ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಒಳಗೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಅಂದಿಗೆ ಓಟ ನಿಲ್ಲಿಸಿ, ಆಯಿಲ್ ತೆಗೆಸಿ ನೋಡಿ: ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕಾರನ್ನು ಘಟ್ಟದಲ್ಲಿ ಓಡಿಸಿಕೊಂಡು ಬರದೆ ಲಾರಿಯ ಮೇಲೆ ಹಾಕಿಸಿ ತನ್ನಿ.